ಹಬೆ ನಿಲ್ಲುವ ತನಕ ಮುಚ್ಚಳ ಎತ್ತಬೇಡಿ

ಕಳೆದ ತಿಂಗಳ ಅಂಕಣದ ಕೊನೆಯಲ್ಲಿ ಮಾತಿಗೆ ಮಾತು ಬಂದು ಒಂದು ಸಾಲು ಬರೆದಿದ್ದೆ: ಶನಿವಾರ ಬೆಳಿಗ್ಗೆ ಮೊಮ್ಮಗಳು ಬರುತ್ತಾಳೆ, ಅವಳಿಗೆ ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಇಲ್ಲದ ಹಣ್ಣಿನ ವಾಫಲ್ ಮಾಡಿಕೊಡುತ್ತೇನೆ ಎಂದು. ವಾಫಲ್ ಎಂದರೆ ಗುಳಿಗುಳಿಯಾದ ಎರಡು ಬಿಸಿ ತಟ್ಟೆಗಳ ನಡುವೆ ಹಿಟ್ಟು ಹುಯ್ದು ಬೇಯಿಸುವ ಗರಿಗರಿ ತಿಂಡಿ. ಇಡ್ಲಿ ಏಕೆ ಕಲ್ಲಾಗುತ್ತದೆ ಎಂದು ಎರಡು ಪುಟ ಬರೆದದ್ದಕ್ಕೆ ಬಂದದ್ದು ಮೂರು ಪತ್ರ. ಈ ಒಂದು ಸಾಲಿಗೆ 14. ಚಾಮರಾಜಪೇಟೆಯಲ್ಲಿ 22 ವರ್ಷ ಮೆಸ್ ನಡೆಸಿ ದೋಸೆ ಹುಯ್ದ ಕೈ ಇದು, ಈಗ ಈ ಕೈಯನ್ನು ಜನ ವಾಫಲ್ ಕೇಳುತ್ತಿದ್ದಾರೆ. ಆಗಲಿ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಬೇರೆ ಬೇರೆಯಾಗಿರುವವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದರಿಂದ ಎಲ್ಲರದ್ದೂ ಊರು, ಬಡಾವಣೆ ಮಾತ್ರ.

ಮಗಳು ಹಾಸ್ಟೆಲಿನಿಂದ ರಜೆಗೆ ಬಂದವಳು, ಇನ್ನು ಮುಂದೆ ತಾನು ವೀಗನ್, ಹಾಲು ತುಪ್ಪ ಮುಟ್ಟುವುದಿಲ್ಲ ಎಂದಳು. ಅವಳಿಗೆಂದೇ ವಾಫಲ್ ಯಂತ್ರ ಕೊಂಡೆವು. ಮೊಟ್ಟೆಯ ಬದಲು ಬಾಳೆಹಣ್ಣು ಹಾಕಬಹುದೆಂದು ಎಲ್ಲೋ ಓದಿ, ಚೆನ್ನಾಗಿ ಕಳಿತ ಎರಡು ಪಚ್ಚಬಾಳೆ ಹಿಸುಕಿ ಹಾಕಿದೆ. ಎಣ್ಣೆ ಬೇಡವೆಂದು ಬಿಟ್ಟೆ. ಎರಡು ನಿಮಿಷಕ್ಕೆ ಮುಚ್ಚಳ ಎತ್ತಿದರೆ ಅರ್ಧ ಮೇಲೆ, ಅರ್ಧ ಕೆಳಗೆ. ಚಮಚದಿಂದ ಕೆರೆದು ತಿಂದೆವು. ಯಂತ್ರವೇ ಕೆಟ್ಟಿದೆಯೇ? — ಬನಶಂಕರಿ ಎರಡನೇ ಹಂತ

ಯಂತ್ರ ಚೆನ್ನಾಗಿದೆ ತಾಯಿ. ನನ್ನ ಮೊದಲ ವಾಫಲ್ ಕಥೆ ಕೇಳಿದರೆ ನಿಮಗೆ ಸಮಾಧಾನವಾದೀತು. ಬಾದಾಮಿ ಮಾವಿನ ಕಾಲ, ಮನೆಯಲ್ಲಿ ಹಣ್ಣು ಬಿದ್ದಿತ್ತು. ಎರಡು ಹಣ್ಣಿನ ರಸವನ್ನೂ ಹಿಟ್ಟಿಗೆ ಸುರಿದೆ. ಮುಚ್ಚಳ ಎತ್ತಲು ಹೋದರೆ ಏಳಲೇ ಇಲ್ಲ. ದೋಸೆ ಮಗುಚುವ ಮರದ ಕೈಯನ್ನು ಸಂದಿಯಲ್ಲಿ ತೂರಿಸಿ ಮೀಟಿದಾಗ ಸುಟ್ಟ ಸಕ್ಕರೆಯ ವಾಸನೆ ಅಡುಗೆಮನೆ ದಾಟಿ ಬೀದಿ ಬಾಗಿಲಿಗೆ ಬಂತು. ಆ ಗುಳಿಗಳನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಶುಚಿ ಮಾಡುವಷ್ಟರಲ್ಲಿ ಮೊಮ್ಮಗಳು ಉಪ್ಪಿಟ್ಟು ತಿಂದು ಹೊರಟಿದ್ದಳು.

ನಾವಿಬ್ಬರೂ ಮಾಡಿದ್ದು ಒಂದೇ ತಪ್ಪು. ಹಣ್ಣು ಎಂದರೆ ನೀರು ಎನ್ನುವುದನ್ನು ಮರೆತೆವು. ಬಾಳೆಹಣ್ಣಿನ ತೂಕದಲ್ಲಿ ಮುಕ್ಕಾಲು ಪಾಲು ನೀರೇ. ಮಾವಿನಲ್ಲಿ ಐದರಲ್ಲಿ ನಾಲ್ಕು ಪಾಲು, ಪಪ್ಪಾಯಿಯಲ್ಲಿ ಅದಕ್ಕೂ ಹೆಚ್ಚು. ಹಿಟ್ಟಿನ ಮೇಲ್ಮೈಯಲ್ಲಿ ನೀರು ಇರುವಷ್ಟು ಹೊತ್ತು ಅದರ ಬಿಸಿ 100 ಡಿಗ್ರಿಯ ಆಚೆಗೆ ಹೋಗುವುದಿಲ್ಲ, ತಟ್ಟೆ ಎಷ್ಟೇ ಕಾದಿರಲಿ. ಕೆಂಬಣ್ಣ, ಘಮ, ಗರಿ ಇವೆಲ್ಲ ಹುಟ್ಟುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಅಂದರೆ ನೀರು ಹಬೆಯಾಗಿ ಹೊರಬಿದ್ದ ಮೇಲೆ. ಅದಕ್ಕೆ ಮೊದಲೇ ಮುಚ್ಚಳ ಎತ್ತಿದರೆ ಒಳಗಿರುವುದು ವಾಫಲ್ ಅಲ್ಲ, ಬೆಂದೂ ಬೇಯದ ಗಂಜಿ. ಅದು ಎರಡೂ ತಟ್ಟೆಗೆ ಅಂಟಿಕೊಂಡು ನಡುವೆ ಸೀಳುತ್ತದೆ. ಹಣ್ಣಿನಲ್ಲಿರುವ ಸಕ್ಕರೆ ಬೇರೆ, ತಟ್ಟೆಗೆ ಗೋಂದಿನ ಹಾಗೆ ಹಿಡಿಯುತ್ತದೆ. ಹೊಸ ಕಾವಲಿಯ ಮೇಲೆ ಮೊದಲ ದೋಸೆಯನ್ನು ಅವಸರದಲ್ಲಿ ಎಬ್ಬಿಸಲು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಯಂತ್ರದ ಹಸಿರು ದೀಪವನ್ನು ನೋಡಬೇಡಿ, ಹಬೆಯನ್ನು ನೋಡಿ. ಹಿಟ್ಟು ಹುಯ್ದು ಮುಚ್ಚಿದ ಕೂಡಲೇ ಪಕ್ಕಗಳಿಂದ ಬುಸಬುಸನೆ ಹಬೆ ಏಳುತ್ತದೆ. ಮೂರನೇ ನಿಮಿಷಕ್ಕೆ ಅದು ಸಣ್ಣಗಾಗುತ್ತದೆ. ನಾಲ್ಕರಿಂದ ಆರು ನಿಮಿಷದೊಳಗೆ, ನೋಡಿದರೂ ಕಾಣದಷ್ಟಾಗುತ್ತದೆ. ಆಗ ಮುಚ್ಚಳವನ್ನು ಮೆಲ್ಲಗೆ ಎತ್ತಿ ನೋಡಿ. ಸ್ವಲ್ಪವಾದರೂ ತಡೆದರೆ ಬಿಟ್ಟುಬಿಡಿ, ಇನ್ನೊಂದು ನಿಮಿಷ. ತಾನಾಗಿ ಬಿಡುತ್ತದೆ.

ಎಣ್ಣೆ ಬಿಟ್ಟದ್ದು ನಿಮ್ಮ ಎರಡನೆಯ ತಪ್ಪು. ಮಾಮೂಲಿ ವಾಫಲ್‌ನಲ್ಲಿ ಮೊಟ್ಟೆಯ ಹಳದಿ ಭಾಗ, ಬೆಣ್ಣೆ ಎರಡೂ ಜಿಡ್ಡು ಕೊಡುತ್ತವೆ. ಇಲ್ಲಿ ಎರಡೂ ಇಲ್ಲ. ಹಿಟ್ಟಿನೊಳಗೆ ಎಣ್ಣೆ ಇಲ್ಲದಿದ್ದರೆ ತಟ್ಟೆಗೆ ಎಷ್ಟು ಸವರಿದರೂ ಗರಿಗರಿಯಾಗುವುದಿಲ್ಲ. ಆರೋಗ್ಯಕ್ಕೆಂದು ಎಣ್ಣೆ ಬಿಡುವವರು ದಯವಿಟ್ಟು ಇಡ್ಲಿ ಮಾಡಿಕೊಳ್ಳಿ. ಅದು ಹುಟ್ಟಿನಿಂದಲೇ ವೀಗನ್, ಯಾರ ಮನಸ್ಸೂ ನೋಯುವುದಿಲ್ಲ.

ಈಗ ನನ್ನ ಅಳತೆ. ಐದಾರು ವಾಫಲ್ ಆಗುತ್ತದೆ, ಮೂರು ಜನಕ್ಕೆ ಸಾಕು. ಒಂದು ಚಮಚ ಅಗಸೆ ಬೀಜದ ಪುಡಿಗೆ ಮೂರು ಚಮಚ ನೀರು ಹಾಕಿ ಹತ್ತು ನಿಮಿಷ ಬಿಡಿ, ಬೆಂಡೆಕಾಯಿಯ ಲೋಳೆಯಂತಾಗುತ್ತದೆ. ಮೊಟ್ಟೆಯ ಜಾಗದಲ್ಲಿ ಹಿಟ್ಟನ್ನು ಹಿಡಿದಿಡುವುದು ಇದೇ. ಇಡೀ ಬೀಜ ಹಾಕಿದರೆ ಲೋಳೆ ಸರಿಯಾಗಿ ಬಿಡುವುದಿಲ್ಲ, ಮಿಕ್ಸಿಯಲ್ಲಿ ಪುಡಿ ಮಾಡಿಯೇ ಹಾಕಬೇಕು. ಇನ್ನೊಂದು ಪಾತ್ರೆಯಲ್ಲಿ ಒಂದೂಕಾಲು ಲೋಟ ಸೋಯಾ ಹಾಲು ಅಥವಾ ತೆಂಗಿನಕಾಯಿ ಹಾಲಿಗೆ ಒಂದು ಚಮಚ ನಿಂಬೆರಸ. ಸೋಯಾ ಹಾಲು ಒಡೆದಂತೆ ಕಾಣುತ್ತದೆ, ಗಾಬರಿ ಬೇಡ, ನಮಗೆ ಬೇಕಾದದ್ದೂ ಅದೇ. ಅಗಲವಾದ ಪಾತ್ರೆಗೆ ಅದೇ ಲೋಟದಲ್ಲಿ ಒಂದು ಲೋಟ ಮೈದಾ, ಅರ್ಧ ಲೋಟ ಗೋಧಿ ಹಿಟ್ಟು, ಎರಡು ಚಮಚ ಕಾರ್ನ್‌ಫ್ಲೋರ್, ಎರಡು ಸಣ್ಣ ಚಮಚ ಬೇಕಿಂಗ್ ಪೌಡರ್, ಕಾಲು ಸಣ್ಣ ಚಮಚ ಅಡುಗೆ ಸೋಡ, ಅರ್ಧ ಸಣ್ಣ ಚಮಚ ಉಪ್ಪು, ಎರಡು ಚಮಚ ಸಕ್ಕರೆ ಅಥವಾ ಬೆಲ್ಲದ ಪುಡಿ. ಇದಕ್ಕೆ ಹಾಲು, ಲೋಳೆ, ನಾಲ್ಕು ಚಮಚ ವಾಸನೆಯಿಲ್ಲದ ಎಣ್ಣೆ ಸೇರಿಸಿ ಕಲಸಿ. ಬರಿಯ ಚಮಚ ಎಂದಲ್ಲೆಲ್ಲ ದೊಡ್ಡ ಚಮಚ ಎಂದೇ ಓದಿಕೊಳ್ಳಿ. ಬಾಳೆಹಣ್ಣು ಹಾಕಲೇಬೇಕೆನಿಸಿದರೆ ಒಂದು ಏಲಕ್ಕಿ ಬಾಳೆ, ಅಷ್ಟೇ.

ಕಲಸುವಾಗ ನಿಮ್ಮ ಕೈ ಮಾತು ಕೇಳುವುದಿಲ್ಲ, ನನಗೆ ಗೊತ್ತು. ಗಂಟಿಲ್ಲದಂತೆ ತಿರುವುವುದನ್ನೇ ಕಲಿತು ಬಂದವರು ನಾವು, ರಾಗಿ ಗಂಜಿಯಲ್ಲಿ ಒಂದು ಗಂಟು ಸಿಕ್ಕರೆ ಅತ್ತೆಯ ಮುಖ ಹೇಗಾಗುತ್ತಿತ್ತು! ಇಲ್ಲಿ ಗಂಟಿದ್ದರೆ ಇರಲಿ. ತಿರುವಿದಷ್ಟೂ ಮೈದಾ ಜಿಗುಟಾಗಿ, ವಾಫಲ್ ರಬ್ಬರಿನಂತೆ ಎಳೆಯುತ್ತದೆ. ಹಿಟ್ಟು ಕಾಣದಂತಾದರೆ ಸಾಕು, ನಿಲ್ಲಿಸಿ ಹತ್ತು ನಿಮಿಷ ಬಿಡಿ. ಹದ ಎಂದರೆ ಇಡ್ಲಿ ಹಿಟ್ಟಿನಷ್ಟು ಮಂದ, ಸಟ್ಟುಗದಿಂದ ಧಾರೆಯಾಗಿ ಇಳಿಯಬಾರದು, ದಪ್ಪನೆ ಬೀಳಬೇಕು. ಅರ್ಧ ಗಂಟೆಗಿಂತ ಹೆಚ್ಚು ಬಿಟ್ಟರೆ ಸೋಡದ ಶಕ್ತಿ ಹೋಗುತ್ತದೆ, ಆದ್ದರಿಂದ ರಾತ್ರಿಯೇ ಕಲಸಿಡುವ ಯೋಚನೆ ಬೇಡ. ಒಣ ಪುಡಿಗಳನ್ನು ಡಬ್ಬಿಯಲ್ಲಿ ಸೇರಿಸಿಟ್ಟುಕೊಂಡರೆ ಬೆಳಗಿನ ಕೆಲಸ ಅರ್ಧವಾಗುತ್ತದೆ.

ನಮ್ಮ ಅಕ್ಕನ ಮನೆಯಲ್ಲಿ ಇಂಥದೇ ವಾಫಲ್ ಮಾಡಿದೆವು, ಗರಿಗರಿಯಾಗಿಯೇ ಆಯಿತು, ಆದರೆ ಮೇಜಿಗೆ ಬರುವಷ್ಟರಲ್ಲಿ ಬಟ್ಟೆಯಂತೆ ಮೆತ್ತಗಾಗಿತ್ತು. ಮಳೆಗಾಲದ ಥಂಡಿಯೇ ಕಾರಣವೇ? — ಹೆಬ್ಬಾಳ

ಮಳೆಯ ಪಾಲು ಸ್ವಲ್ಪ ಇದ್ದೀತು, ತಟ್ಟೆಯದು ಹೆಚ್ಚು. ಬಿಸಿ ವಾಫಲ್‌ನಿಂದ ಇನ್ನೂ ಹಬೆ ಹೊರಡುತ್ತಲೇ ಇರುತ್ತದೆ. ಸ್ಟೀಲ್ ತಟ್ಟೆಯ ಮೇಲೆ ಇಟ್ಟರೆ ಆ ಹಬೆ ಕೆಳಗೆ ಬೆವರಾಗಿ ನಿಂತು ವಾಫಲ್ ಅದನ್ನೇ ಹೀರುತ್ತದೆ. ಒಂದರ ಮೇಲೊಂದು ಪೇರಿಸಿದರಂತೂ ಮುಗಿಯಿತು. ಚಕ್ಕುಲಿ ಆರುವ ಮೊದಲೇ ಡಬ್ಬಿಗೆ ತುಂಬಿದರೆ ಏನಾಗುತ್ತದೋ ಅದೇ. ನಮ್ಮ ಮನೆಯಲ್ಲಿ ಹಪ್ಪಳ ಸುಡುವ ತಂತಿಯ ಜಾಲರಿ ಇದೆ, ಹಿಡಿಯ ಕಡೆ ಸ್ವಲ್ಪ ಸೊಟ್ಟಗಾಗಿದೆ. ಅದನ್ನು ಎರಡು ಬಟ್ಟಲುಗಳ ಮೇಲೆ ಸೇತುವೆಯಂತೆ ಇಟ್ಟು, ತೆಗೆದ ವಾಫಲ್ ಅದರ ಮೇಲೆ ಹಾಕುತ್ತೇನೆ. ಒಂದು ನಿಮಿಷದಲ್ಲಿ ಇನ್ನಷ್ಟು ಗರಿಯಾಗುತ್ತದೆ. ಹಣ್ಣು ಹಾಕುವುದು ತಿನ್ನುವವರ ಕೈಗೆ ಕೊಡುವ ಹೊತ್ತಿಗೆ, ಅದಕ್ಕೆ ಮೊದಲಲ್ಲ.

ಉಳಿದದ್ದನ್ನು ಮಾರನೆಯ ದಿನ ಮೈಕ್ರೋವೇವ್‌ನಲ್ಲಿ ಇಡಬೇಡಿ. ಅದೇ ಯಂತ್ರದಲ್ಲಿ ಒಂದೆರಡು ನಿಮಿಷ ಬಿಸಿ ಮಾಡಿ.

ಕಾರ್ನ್‌ಫ್ಲೋರ್ ಹಾಕಿದರೆ ಗರಿಗರಿಯಾಗುತ್ತದೆ ಎಂದು ಸೊಸೆ ಹೇಳಿದಳು. ಮನೆಯಲ್ಲಿ ಜೋಳದ ಹಿಟ್ಟು ಇತ್ತಲ್ಲ ಎಂದು ಅದನ್ನೇ ಧಾರಾಳವಾಗಿ ಹಾಕಿದೆ. ವಾಫಲ್ ಆಯಿತು, ಆದರೆ ರೊಟ್ಟಿಯ ರುಚಿ ಬಂತು. ಎಲ್ಲಿ ತಪ್ಪಿದೆ? — ವಿಜಯನಗರ (ಮೂಲ ಊರು ಗದಗ)

ಈ ಪತ್ರ ಓದಿ ಎಷ್ಟು ನಕ್ಕೆನೋ, ಅಷ್ಟೇ ಪ್ರೀತಿ ಬಂತು. ನೀವು ತಪ್ಪಿಲ್ಲ ಅಮ್ಮ, ಭಾಷೆ ತಪ್ಪಿದೆ. ಬೆಂಗಳೂರಿನ ಅಂಗಡಿಯಲ್ಲಿ ಕೆಲವರು ಕಾರ್ನ್‌ಫ್ಲೋರ್ ಪೊಟ್ಟಣವನ್ನೇ ಜೋಳದ ಹಿಟ್ಟು ಎಂದು ಕೊಡುತ್ತಾರೆ. ನಿಮ್ಮ ಕಡೆ ಜೋಳ ಎಂದರೆ ರೊಟ್ಟಿಯ ಬಿಳಿಜೋಳ, ಬೇರೆ ಮಾತೇ ಇಲ್ಲ. ಇಲ್ಲಿ ಬೇಕಾದದ್ದು ಮುಸುಕಿನ ಜೋಳದಿಂದ ತೆಗೆದ ಪಿಷ್ಟ, ಟಾಲ್ಕಂ ಪುಡಿಯಂತೆ ನಯವಾದ, ಒತ್ತಿದರೆ ಕಿರುಗುಟ್ಟುವ ಅಚ್ಚ ಬಿಳಿಯ ಪುಡಿ. ಗೋಧಿಯ ಜಿಗುಟನ್ನು ಅದು ಸಡಿಲ ಮಾಡುತ್ತದೆ, ಅದರಿಂದ ಗರಿ ಬರುತ್ತದೆ. ಅದು ಮನೆಯಲ್ಲಿ ಇಲ್ಲದಿದ್ದರೆ ಎರಡು ಚಮಚ ಅಕ್ಕಿ ಹಿಟ್ಟು ಹಾಕಿ, ಕೆಲಸ ನಡೆಯುತ್ತದೆ.

ಆದರೂ ನಿಮ್ಮ ರೊಟ್ಟಿ ರುಚಿಯ ವಾಫಲ್ ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಹೋದ ಭಾನುವಾರ ಗೋಧಿ ಹಿಟ್ಟಿನ ಬದಲು ಅರ್ಧ ಲೋಟ ಬಿಳಿಜೋಳದ ಹಿಟ್ಟು ಹಾಕಿ ಮಾಡಿದೆ. ಚೆನ್ನಾಗಿಯೇ ಇತ್ತು, ಬೆಲ್ಲದ ಜೊತೆ ವಿಶೇಷವಾಗಿ. ಅಗಸೆ ಬೀಜವಂತೂ ನಿಮಗೆ ಹೊಸದಲ್ಲ. ಅಗಸೆ ಚಟ್ನಿಪುಡಿ ಮಾಡುವ ಮನೆಯವರಿಗೆ ಇದೇನೋ ಪರದೇಶದ ಬೀಜ ಎಂದು ಹೇಳಿ ದುಬಾರಿ ಬೆಲೆಗೆ ಮಾರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಂದೇ ಮಾತು, ಚಟ್ನಿಪುಡಿಗೆಂದು ಹುರಿದಿಟ್ಟ ಬೀಜ ಬಳಸಬೇಡಿ, ಹಸಿಯದ್ದನ್ನೇ ಪುಡಿ ಮಾಡಿ.

ಅಗಸೆಯ ವಾಸನೆ ನಮ್ಮ ಮನೆಯವರಿಗೆ ಹಿಡಿಸುವುದಿಲ್ಲ. ಬೇರೆ ದಾರಿ ಇದೆಯೇ? — ಬಿಳೇಕಹಳ್ಳಿ

ಇದೆ. ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಚೆಲ್ಲಬೇಡಿ. ಕಡಲೆಯನ್ನು ಅದೇ ನೀರಿನಲ್ಲಿ ರಾತ್ರಿ ಫ್ರಿಜ್‌ನಲ್ಲಿ ಬಿಟ್ಟರೆ ಬೆಳಿಗ್ಗೆ ನೀರು ಲೋಳೆಯಾಗಿರುತ್ತದೆ, ಸೋಸಿಕೊಳ್ಳಿ. ಉಪ್ಪು ಹಾಕದೆ ಬೇಯಿಸಿರಬೇಕು, ಅದು ಮುಖ್ಯ. ಆ ನೀರನ್ನು ಬೀಟರ್‌ನಿಂದ ಐದಾರು ನಿಮಿಷ ಕಡೆದರೆ ಮೊಟ್ಟೆಯ ಬಿಳಿಯಂತೆ ನೊರೆ ಕಟ್ಟುತ್ತದೆ. ಕಾಲು ಲೋಟ ನೀರಿನ ನೊರೆಯನ್ನು ಕೊನೆಯಲ್ಲಿ ಹಿಟ್ಟಿಗೆ ಮೆಲ್ಲಗೆ ಸೇರಿಸಿ. ವಾಫಲ್ ಹಗುರವಾಗುತ್ತದೆ, ಕಡಲೆಯ ವಾಸನೆ ಉಳಿಯುವುದಿಲ್ಲ. ಈ ನೀರು ಹೀಗೆ ನೊರೆಯಾಗುವುದನ್ನು 2014ರಲ್ಲಿ ಲೋಕಕ್ಕೆ ತೋರಿಸಿದವರು ಜೋಯೆಲ್ ರೋಸೆಲ್ ಎಂಬ ಫ್ರಾನ್ಸಿನ ಸಂಗೀತಗಾರ. ಮಾರನೆಯ ವರ್ಷ ಅದಕ್ಕೆ ಅಕ್ವಾಫಾಬ ಎಂದು ಹೆಸರಿಟ್ಟವರು ಗೂಸ್ ವೋಲ್ಟ್ ಎಂಬ ಅಮೆರಿಕದ ಸಾಫ್ಟ್‌ವೇರ್ ಎಂಜಿನಿಯರ್. ಬೆಂಗಳೂರಿನ ತಾಯಂದಿರು ಇದನ್ನು ಗಮನಿಸಬೇಕು, ಮಗ ಕಂಪ್ಯೂಟರಿನ ಮುಂದೆ ಕುಳಿತಿದ್ದಾನೆ ಎಂದ ಮಾತ್ರಕ್ಕೆ ಅಡುಗೆಗೆ ನಾಲಾಯಕ್ಕು ಎಂದು ತಿಳಿಯಬಾರದು.

ಮೇಲೆ ಹಾಕಲು ಯಾವ ಹಣ್ಣು ಸರಿ? ಅಂಗಡಿಯ ಚಿತ್ರಗಳಲ್ಲಿ ಬರೀ ಸ್ಟ್ರಾಬೆರಿ, ಬ್ಲೂಬೆರಿ. ಅವುಗಳ ಬೆಲೆ ಕೇಳಿದರೆ ಹಸಿವೇ ಹೋಗುತ್ತದೆ. — ಶ್ರೀನಗರ

ಬ್ಲೂಬೆರಿಯ ಡಬ್ಬಿಯನ್ನು ನಾನು ಒಮ್ಮೆ ಕೈಯಲ್ಲಿ ಹಿಡಿದು, ಬೆಲೆ ನೋಡಿ, ಮಗುವನ್ನು ಮಲಗಿಸಿದಷ್ಟು ಜೋಪಾನವಾಗಿ ವಾಪಸ್ ಇಟ್ಟವಳು. ನಮಗೆ ಅದರ ಹಂಗಿಲ್ಲ. ಬೆಂಗಳೂರಿನ ಹೆಸರನ್ನೇ ಹೊತ್ತ ಹಣ್ಣು ನಮಗಿದೆ, ಬೆಂಗಳೂರು ನೀಲಿ ದ್ರಾಕ್ಷಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ, ಭೌಗೋಳಿಕ ಸೂಚಿಯ (ಜಿಐ, ಇಂಥ ಸೀಮೆಯದೇ ಎಂಬ ಗುರುತು) ಮಾನ್ಯತೆ ಇರುವ ದ್ರಾಕ್ಷಿ. ದಪ್ಪ ಸಿಪ್ಪೆ, ಒಳಗೆ ಬೀಜ, ಎರಡು ಮಾರು ದೂರದಿಂದಲೇ ಮೂಗಿಗೆ ಹೊಡೆಯುವ ಘಮ. ಬೀಜವಿದೆ ಎಂದು ಮಕ್ಕಳು ಮೂಸುವುದಿಲ್ಲ, ಜ್ಯೂಸ್ ಅಂಗಡಿಗೆ ಹೋಗುತ್ತದೆ. ಇದು ವಾಫಲ್‌ಗೆಂದೇ ಹುಟ್ಟಿದ್ದು ಎನ್ನುತ್ತೇನೆ ನಾನು.

ಗಾಂಧಿಬಜಾರಿನಿಂದ ಕಾಲು ಕೆಜಿ ತಂದರೆ ಸಾಕು. ತೊಳೆದು, ಒದ್ದೆ ಆರಿಸಿ, ದಪ್ಪ ತಳದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಇಡಿ. ಒಂದು ಹನಿ ನೀರೂ ಬೇಡ. ಮೊದಲ ಎರಡು ನಿಮಿಷ ಏನೂ ಆಗುವುದಿಲ್ಲ, ಹಣ್ಣು ಸುಮ್ಮನೆ ಹೊರಳಾಡುತ್ತಿರುತ್ತದೆ. ಆಮೇಲೆ ಒಂದು ಟಪ್ಪೆಂದು ಒಡೆಯುತ್ತದೆ, ಅದರ ಹಿಂದೆ ಇನ್ನೊಂದು. ಬಾಣಲೆಯ ತಳದಲ್ಲಿ ಗುಲಾಬಿ ಬಣ್ಣದ ನೀರು ಕಾಣಿಸಿಕೊಂಡು, ಸಿಪ್ಪೆ ತನ್ನ ಬಣ್ಣ ಬಿಟ್ಟುಕೊಟ್ಟಂತೆಲ್ಲ ಕಡು ನೇರಳೆಗೆ ತಿರುಗುತ್ತದೆ. ಸೌಟಿನ ಹಿಂಬದಿಯಿಂದ ಒತ್ತುತ್ತಾ ಹೋಗಿ. ಹತ್ತು ನಿಮಿಷವಾದ ಮೇಲೆ ಟೀ ಸೋಸುವ ಜರಡಿಯಲ್ಲಿ ಹಾಕಿ ಚಮಚದಿಂದ ತಿಕ್ಕಿದರೆ ಬೀಜ, ಸಿಪ್ಪೆ ಮೇಲೆ ಉಳಿಯುತ್ತವೆ. ಇಳಿದ ರಸಕ್ಕೆ ಎರಡು ಚಮಚ ಬೆಲ್ಲ, ಒಂದು ಚಿಟಿಕೆ ಕಾಳುಮೆಣಸಿನ ಪುಡಿ ಹಾಕಿ ಮತ್ತೆ ಕುದಿಸಿ. ಸೌಟಿನ ಬೆನ್ನ ಮೇಲೆ ಬೆರಳೆಳೆದರೆ ಗೆರೆ ನಿಲ್ಲಬೇಕು. ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ, ಆದ್ದರಿಂದ ಸ್ವಲ್ಪ ತೆಳ್ಳಗಿರುವಾಗಲೇ ಇಳಿಸಿ. ಬಿಳಿ ಅಂಗಿ ಹಾಕಿಕೊಂಡು ಮಾಡಬೇಡಿ, ನನ್ನ ಹತ್ತಿ ಸೀರೆಯೊಂದು ಈಗ ಕೈ ಒರೆಸುವ ಬಟ್ಟೆಯಾಗಿದೆ.

ಮಾವಿನ ಕಾಲದಲ್ಲಿ ಬಾದಾಮಿಯನ್ನು ಸಣ್ಣ ಚೌಕಗಳಾಗಿ ಹೆಚ್ಚಿ ಹಾಗೆಯೇ ಹಾಕಿ, ಕುದಿಸುವುದು ಪಾಪ. ರಸಪುರಿ ಹಿಂಡಿ ಕುಡಿಯುವ ಹಣ್ಣು, ವಾಫಲ್ ಮೇಲೆ ಸುರಿದರೆ ಒದ್ದೆಯಾಗುತ್ತದೆ, ಪಕ್ಕದ ಬಟ್ಟಲಿನಲ್ಲಿ ಇಟ್ಟು ಅದ್ದಿಕೊಂಡು ತಿನ್ನಿ. ಏಲಕ್ಕಿ ಬಾಳೆಯನ್ನು ಬಿಲ್ಲೆಗಳಾಗಿ ಕತ್ತರಿಸಿ, ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿದ ಕಾವಲಿಯ ಮೇಲೆ ಎರಡೂ ಬದಿ ಕೆಂಪಗೆ ಮಾಡಿದರೆ ನೀರೂ ಆರುತ್ತದೆ, ರುಚಿಯೂ ಏರುತ್ತದೆ. ದಾಳಿಂಬೆ ಯಾವಾಗಲೂ ಸುರಕ್ಷಿತ, ಕಾಳು ಕಾಳಾಗಿ ಕೂರುತ್ತದೆ. ಸಪೋಟ ನನಗೆ ಇಷ್ಟವಿಲ್ಲ, ಅದರ ಬಗ್ಗೆ ಕೇಳಬೇಡಿ. ಹಲಸಿನ ತೊಳೆಯನ್ನು ಸಣ್ಣಗೆ ಹೆಚ್ಚಿ, ಬೆಲ್ಲ ಹಾಕಿ ಬಾಡಿಸಿದರೆ ಕರಾವಳಿಯ ಹಲಸಿನ ಸಿಹಿ ಕರಿದ ತಿಂಡಿ ಮುಳಕದ ನೆನಪು ಬರುತ್ತದೆ. ಕರಾವಳಿಯ ಓದುಗರು ಇದನ್ನು ಓದಿ ನನ್ನ ಮೇಲೆ ಸಿಟ್ಟಾಗಬಹುದು, ಆಗಲಿ.

ಮೇಪಲ್ ಸಿರಪ್ ಎಲ್ಲಿ ಸಿಗುತ್ತದೆ ಎಂದು ಇನ್ನೂ ಮೂವರು ಕೇಳಿದ್ದಾರೆ. ಕೆನಡಾದ ಮರದ ರಸ ನಮಗೆ ಏಕೆ? ಮಲೆನಾಡಿನ ಜೋನಿ ಬೆಲ್ಲ ತನ್ನಿ. ಬಾಟಲಿಯಿಂದ ಇಳಿಯುವ ರೀತಿ, ಬಣ್ಣ, ನಾಲಿಗೆಯ ತುದಿಯಲ್ಲಿ ನಿಲ್ಲುವ ಸಣ್ಣ ಉಪ್ಪು, ಯಾವುದರಲ್ಲೂ ಕಡಿಮೆಯಿಲ್ಲ. ನೀರುದೋಸೆಯ ಜೊತೆ ತಿಂದು ಬೆಳೆದವರಿಗೆ ಇದನ್ನು ಹೇಳುವುದು ಸೂರ್ಯನಿಗೆ ದೀಪ ಹಿಡಿದಂತೆ.

ಮೇಲೆ ಜೇನುತುಪ್ಪ ಹಾಕಿ ಕೊಟ್ಟೆ, ಮಗ ತಟ್ಟೆ ದೂಡಿದ. ಜೇನು ಹಸುವಿನಿಂದ ಬರುವುದಿಲ್ಲವಲ್ಲ? ಪೊಟ್ಟಣದ ಮೇಲೆ ಹಸಿರು ಚುಕ್ಕೆಯೂ ಇತ್ತು. — ಗಿರಿನಗರ

ಹಸುವಿನಿಂದ ಬರುವುದಿಲ್ಲ, ಹುಳುವಿನಿಂದ ಬರುತ್ತದೆ. ವೀಗನ್ನರ ಲೆಕ್ಕದಲ್ಲಿ ಎರಡೂ ಪ್ರಾಣಿಯೇ. ಹಸಿರು ಚುಕ್ಕೆ ಹೇಳುವುದು ಸಸ್ಯಾಹಾರ ಎಂದು ಮಾತ್ರ, ನಮ್ಮಲ್ಲಿ ಹಾಲು, ತುಪ್ಪ, ಜೇನು ಎಲ್ಲವೂ ಅದರೊಳಗೆ ಬರುತ್ತವೆ. ವೀಗನ್ ಆಹಾರಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಬೇರೆಯೇ ಗುರುತು ಮಾಡಿದೆ, ಇಂಗ್ಲಿಷಿನ ವಿ ಅಕ್ಷರಕ್ಕೆ ಎಲೆ ಮೂಡಿದಂತಿರುವ ಹಸಿರು ಚಿಹ್ನೆ. ಈ ಪದ ಹುಟ್ಟಿದ್ದೇ ಈ ವ್ಯತ್ಯಾಸ ತೋರಿಸಲು. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ವೆಜಿಟೇರಿಯನ್ ಪದದ ತಲೆ, ಬಾಲ ಎರಡನ್ನು ಜೋಡಿಸಿ ವೀಗನ್ ಎಂದರು. ಹಾಲು ಕುಡಿಯುವ ಸಸ್ಯಾಹಾರಿಗಳಿಂದ ತಮ್ಮನ್ನು ಬೇರೆಯಾಗಿ ಗುರುತಿಸಿಕೊಳ್ಳಬೇಕಿತ್ತು.

ಇದನ್ನು ಒಪ್ಪಿಕೊಳ್ಳಲು ನನಗೂ ಹೊತ್ತು ಹಿಡಿಯಿತು. ದೋಸೆಯ ನಡುವೆ ಬೆಣ್ಣೆಯ ಮುದ್ದೆ ಕರಗುವುದನ್ನು ನೋಡುವುದೇ ಒಂದು ಸುಖ ಎಂದು ಬದುಕಿದವಳು ನಾನು. ಮೊದಲ ಸಲ ಮೊಮ್ಮಗಳ ತಟ್ಟೆಗೆ ಅಭ್ಯಾಸಬಲದಿಂದ ತುಪ್ಪ ಹಾಕಿಬಿಟ್ಟೆ. ಅವಳು ಏನೂ ಅನ್ನಲಿಲ್ಲ, ತಟ್ಟೆಯನ್ನು ತಾತನ ಕಡೆ ಸರಿಸಿ, ತಾನೇ ಎದ್ದು ಹೊಸದೊಂದು ಹುಯ್ದುಕೊಂಡಳು. ಅಂದಿನಿಂದ ವಾಫಲ್ ಮಾಡುವ ದಿನ ತುಪ್ಪದ ಗಿಂಡಿ ಮೇಲಿನ ಅಟ್ಟಕ್ಕೆ ಹೋಗುತ್ತದೆ. ಮಗನ ಹತ್ತಿರ ವಾದ ಮಾಡಬೇಡಿ. ಆದರೆ ಒಂದು ವಿಷಯದಲ್ಲಿ ಬಿಡಬೇಡಿ: ಹಾಲು ಮೊಸರನ್ನೂ ಬಿಟ್ಟವರಿಗೆ ಬಿ12 ಜೀವಸತ್ವ ಆಹಾರದಿಂದ ಸಾಕಷ್ಟು ಸಿಗುವುದಿಲ್ಲ. ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲು ಹೇಳಿ.

ನಾನು ಪಿಜಿಯಲ್ಲಿರುವ ವಿದ್ಯಾರ್ಥಿ. ವಾಫಲ್ ಯಂತ್ರವಿಲ್ಲ, ಒಂದು ದೋಸೆ ಕಾವಲಿ ಇದೆ. ಆಗುತ್ತದೆಯೇ? ಯಂತ್ರ ಕೊಂಡರೆ ಕರೆಂಟ್ ಬಿಲ್ ಎಂದು ಮಾಲೀಕರು ಕೂಗಾಡುವರೇ? — ಮತ್ತಿಕೆರೆ

ಕಾವಲಿಯ ಮೇಲೆ ಅದೇ ಹಿಟ್ಟು ದಪ್ಪ ದೋಸೆಯಾಗುತ್ತದೆ, ವಾಫಲ್ ಆಗುವುದಿಲ್ಲ. ಎರಡೂ ಕಡೆಯಿಂದ ಒಟ್ಟಿಗೆ ಬಿಸಿ ತಾಗಬೇಕು, ಗುಳಿಗಳಿಂದ ಮೇಲ್ಮೈ ಹೆಚ್ಚಬೇಕು, ಆ ಗರಿಯ ಗುಟ್ಟು ಅದು. ಯಾರಾದರೂ ಪಡ್ಡಿನ ಕಾವಲಿ ಕೊಟ್ಟರೆ ಅದರಲ್ಲಿ ಹಾಕಪ್ಪ, ಹೊರಗೆ ಗರಿ, ಒಳಗೆ ಮೆತ್ತಗೆ, ವಾಫಲ್‌ನ ಅರ್ಧ ಸುಖ ಸಿಗುತ್ತದೆ.

ಕರೆಂಟಿನ ವಿಷಯಕ್ಕೆ ಹೆದರಬೇಕಿಲ್ಲ. 800 ವಾಟ್‌ನ ಯಂತ್ರ ಅರ್ಧ ಗಂಟೆ ಒಂದೇ ಸಮನೆ ಉರಿದರೂ 0.4 ಯೂನಿಟ್. 1000 ವಾಟ್‌ನದು ನಾಲ್ಕೂವರೆ ಆಂಪಿಯರ್ ಕೂಡ ಎಳೆಯುವುದಿಲ್ಲ, ಮಾಮೂಲಿ ಸಣ್ಣ ಸಾಕೆಟ್ ಸಾಕು. ಮಾಲೀಕರಿಗೆ ಲೆಕ್ಕ ಹೇಳುವ ಬದಲು ಮೊದಲ ವಾಫಲ್ ಅವರಿಗೇ ಕೊಡಪ್ಪ.

ರಾಗಿ ವಾಫಲ್ ಮಾಡಿದರೆ ಸಕ್ಕರೆ ಕಾಯಿಲೆಯವರು ನಿಶ್ಚಿಂತೆಯಿಂದ ತಿನ್ನಬಹುದಲ್ಲವೇ? — ಯಲಹಂಕ

ನಿಶ್ಚಿಂತೆ ಎನ್ನುವ ಮಾತು ಬೇಡ. ರಾಗಿ ಒಳ್ಳೆಯದು, ನೂರು ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಹಾಲು ಬಿಟ್ಟವರಿಗೆ ಅದು ದೊಡ್ಡ ಆಸರೆ. ನಾರೂ ಇದೆ. ಆದರೂ ಅದು ಹಿಟ್ಟೇ, ಮೇಲೆ ಸುರಿಯುವ ಜೋನಿ ಬೆಲ್ಲವೂ ಸಕ್ಕರೆಯೇ. ಎಷ್ಟು ತಿನ್ನಬಹುದೆಂದು ನಿಮ್ಮ ವೈದ್ಯರು ಹೇಳಬೇಕು, ನಾನಲ್ಲ. ಮಾಡುವ ವಿಧಾನ ಹೇಳುತ್ತೇನೆ: ಗೋಧಿ ಹಿಟ್ಟಿನ ಜಾಗಕ್ಕೆ ಅರ್ಧ ಲೋಟ ರಾಗಿ ಹಿಟ್ಟು. ಪೂರ್ತಿ ರಾಗಿಯಲ್ಲಿ ಜಿಗುಟು ಇಲ್ಲದ್ದರಿಂದ ಎತ್ತುವಾಗ ಪುಡಿಯಾಗುತ್ತದೆ. ರಾಗಿ ನೀರು ಕುಡಿಯುತ್ತದೆ, ಹಿಟ್ಟನ್ನು ಹತ್ತರ ಬದಲು ಇಪ್ಪತ್ತು ನಿಮಿಷ ಬಿಟ್ಟು ಹದ ನೋಡಿ, ಬೇಕಾದರೆ ಅದೇ ಸೋಯಾ ಅಥವಾ ತೆಂಗಿನಕಾಯಿ ಹಾಲು ಎರಡು ಚಮಚ ಸೇರಿಸಿ. ಬಣ್ಣ ಮೊದಲೇ ಕಂದು, ಆದ್ದರಿಂದ ಬೆಂದಿದೆಯೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ. ಹಬೆಯನ್ನೇ ನಂಬಿ.

ನಮ್ಮ ಕಾಲದಲ್ಲಿ ಗುಲಾಬಿ ಹೂವಿನ ಅಚ್ಚು ಎಂದು ಕಬ್ಬಿಣದ ಅಚ್ಚನ್ನು ಎಣ್ಣೆಯಲ್ಲಿ ಅದ್ದಿ ತಿಂಡಿ ಮಾಡುತ್ತಿದ್ದರು. ವಾಫಲ್ ಅದರಿಂದಲೇ ಬಂದದ್ದಲ್ಲವೇ? — ರಾಜಾಜಿನಗರ, ನಿವೃತ್ತ ಶಿಕ್ಷಕರು

ಅಲ್ಲ ಮೇಷ್ಟರೇ. ಎಲ್ಲವೂ ನಮ್ಮಿಂದಲೇ ಹೋಯಿತು ಎನ್ನುವ ಆಸೆ ನನಗೂ ಇದೆ, ಆದರೆ ಇದು ಯೂರೋಪಿನದು. ಉದ್ದ ಹಿಡಿಯ ಎರಡು ಕಬ್ಬಿಣದ ತಟ್ಟೆಗಳ ನಡುವೆ ಹಿಟ್ಟು ಹಿಡಿದು ಬೆಂಕಿಯ ಮೇಲೆ ತಿರುಗಿಸುತ್ತಿದ್ದರು. ಬೆಲ್ಜಿಯಂನಲ್ಲಿ ಬ್ರಸೆಲ್ಸ್‌ನದು ಹಗುರ, ಲಿಯೇಜ್‌ನದು ಹಿಟ್ಟಿನೊಳಗೆ ಸಕ್ಕರೆಯ ಹರಳು ಹಾಕಿದ ಗಟ್ಟಿ ಬಗೆ. ಒಲೆಯ ಮೇಲಿಡುವ ವಾಫಲ್ ಕಬ್ಬಿಣಕ್ಕೆ ಅಮೆರಿಕದಲ್ಲಿ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ ಎಂಬವರು 1869ರಲ್ಲಿ ಪೇಟೆಂಟ್ ಪಡೆದರು. ನಿಮ್ಮ ಗುಲಾಬಿ ಹೂವಿನ ಅಚ್ಚು ಎಣ್ಣೆಯಲ್ಲಿ ಕರಿಯುವಂಥದ್ದು, ಜಾತಿ ಬೇರೆ. ಆ ಅಚ್ಚು ಇನ್ನೂ ಮನೆಯಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ಅದರ ಹಿಟ್ಟಿಗೆ ತೆಂಗಿನಕಾಯಿ ಹಾಲು ಹಾಕುವ ವಿಧಾನವನ್ನು ಬರುವ ತಿಂಗಳು ಬರೆಯುತ್ತೇನೆ.

ವಾಫಲ್ ಜೊತೆ ಕಾಯಿಚಟ್ನಿ ತಿಂದರೆ ತಪ್ಪೇ? ಮನೆಯಲ್ಲಿ ಎಲ್ಲರೂ ನಗುತ್ತಿದ್ದಾರೆ. — ತ್ಯಾಗರಾಜನಗರ

ತಪ್ಪೇನಿಲ್ಲ. ಹಿಟ್ಟಿನಿಂದ ಸಕ್ಕರೆ ತೆಗೆದು, ಉಪ್ಪು ಸ್ವಲ್ಪ ಹೆಚ್ಚಿಸಿ, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕರಿಬೇವು, ಜೀರಿಗೆ ಹಾಕಿ ಮಾಡಿ. ಚಟ್ನಿ ಗಟ್ಟಿಯಾಗಿರಲಿ, ಗುಳಿಗಳಲ್ಲಿ ನಿಲ್ಲಬೇಕು. ನಮ್ಮ ಮನೆಯಲ್ಲಿ ಹಣ್ಣಿನ ವಾಫಲ್ ಕಂಡರೆ ಮುಖ ತಿರುಗಿಸುವ ಯಜಮಾನರು ಇದನ್ನು ನಾಲ್ಕು ತಿಂದು, ಇದಕ್ಕೆ ಬೇರೇನಾದರೂ ಹೆಸರಿಡು ಎಂದರು.